ಡೈರಿಯಲ್ಲಿ ಬರೆದದ್ದೆಲ್ಲ ಲೆಕ್ಕವಲ್ಲ

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಹಟ್ಟಿ ಖಾಲಿ ಮಾಡುವುದೆಂದು ನಾನು ನಿಶ್ಚಯ ಮಾಡಿಬಿಟ್ಟಿದ್ದೆ. ನಮ್ಮದು ಎರಡೂವರೆ ಎಕ್ರೆ ಅಡಿಕೆ ತೋಟ. ಎಡೆಯಲ್ಲಿ ಕೊಕ್ಕೊ, ಕಾಳುಮೆಣಸು, ಅಂಚಿಗೆ ಕೆಲವು ತೆಂಗು. ಹಟ್ಟಿಯಲ್ಲಿ ನಾಲ್ಕು ದನ. ದನ ಕೊಡುವುದಕ್ಕೆ ಕಾರಣ ಬೇಸರ ಅಲ್ಲ, ಲೆಕ್ಕ. ಡೈರಿ ತೆಗೆದು ಕೂಡಿಸಿ ನೋಡಿದರೆ ಹಾಲಿನ ಸೊಸೈಟಿಯಿಂದ ವರ್ಷಕ್ಕೆ ಬಂದದ್ದು 1,58,000 ರೂಪಾಯಿ. ಹಿಂಡಿ, ಬೈಹುಲ್ಲು, ಡಾಕ್ಟ್ರು, ಮದ್ದು, ಕರೆಂಟು ಎಲ್ಲ ಸೇರಿ ಹೋದದ್ದು 1,70,000. ಹನ್ನೆರಡು ಸಾವಿರ ಕೈಯಿಂದ ಹಾಕಿ ದನ ಸಾಕುವುದು ಯಾವ ಬುದ್ಧಿವಂತಿಕೆ? ಕೊಳ್ಳುವವರಿಗೆ ಹೇಳಿ ಕಳಿಸಿಯೂ ಆಗಿತ್ತು.

ಆಗ ಮಗಳು ರಜೆಯಲ್ಲಿ ಮನೆಗೆ ಬಂದಿದ್ದಳು. ಬಿ.ಕಾಂ. ಮೊದಲ ವರ್ಷ. ಜಗಲಿಯಲ್ಲಿ ಕೂತು ಡೈರಿ ತಿರುವಿದವಳು ಕೇಳಿದಳು: “ಅಪ್ಪಾ, ಮನೆಗೆ ಹಾಲು ಎಲ್ಲಿಂದ ಬರ್ತದೆ?”

“ಎಲ್ಲಿಂದ ಅಂದರೆ? ಹಟ್ಟಿಯಿಂದ.”

“ತೋಟಕ್ಕೆ ಗೊಬ್ಬರ?”

“ಅದೂ ಹಟ್ಟಿಯಿಂದಲೇ.”

“ಹಾಗಾದರೆ ಅವೆರಡು ಈ ಡೈರಿಯಲ್ಲಿ ಎಲ್ಲಿ ಉಂಟು?”

ಎಲ್ಲಿಯೂ ಇರಲಿಲ್ಲ. ಇಪ್ಪತ್ತೈದು ವರ್ಷದಿಂದ ಬರೆಯುತ್ತಿದ್ದೇನೆ, ಒಂದು ದಿನವೂ ಬರೆದಿರಲಿಲ್ಲ. ಯಾಕೆಂದರೆ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಅಂಗಡಿಯ ಯಜಮಾನ ತನ್ನ ಅಂಗಡಿಯಿಂದಲೇ ಒಂದು ಕಿಲೋ ಸಕ್ಕರೆ ಮನೆಗೆ ಒಯ್ದರೂ ಲೆಕ್ಕದಲ್ಲಿ ತೋರಿಸಬೇಕಂತೆ. ಅದಕ್ಕೆ ಡ್ರಾಯಿಂಗ್ಸ್ ಎಂಬ ಹೆಸರು. ವ್ಯಾಪಾರ ಬೇರೆ, ಯಜಮಾನ ಬೇರೆ. ಅಕೌಂಟೆನ್ಸಿ ತರಗತಿಯ ಮೊದಲ ಪಾಠವೇ ಇದು. ಅಂಗಡಿಗೆ ಸಕ್ಕರೆ ಹೇಗೋ ಹಟ್ಟಿಗೆ ಹಾಲು ಹಾಗೆ. ಮನೆಗೆ ಬಳಸಿದ ದಿನಕ್ಕೆ ಎರಡು ಲೀಟರಿಗೆ ಸೊಸೈಟಿಯ ದರ ಹಾಕಿದೆವು, ವರ್ಷಕ್ಕೆ 26,000 ಆಯಿತು. ಗೊಬ್ಬರವನ್ನು ಹೊರಗಿನಿಂದ ತರಿಸುವುದಾದರೆ ನಮ್ಮ ತೋಟಕ್ಕೆ 40,000ಕ್ಕೆ ಕಡಿಮೆ ಇಲ್ಲ. ಅದು ಹಟ್ಟಿಯ ಆದಾಯ, ತೋಟದ ಖರ್ಚು. ಈಗ ಹಟ್ಟಿಗೆ ಬಂದದ್ದು 2,24,000. ಖರ್ಚು ಕಳೆದರೆ 54,000 ಉಳಿತಾಯ. ಹನ್ನೆರಡು ಸಾವಿರ ನಷ್ಟ ಎಂದುಕೊಂಡದ್ದು ಒಂದು ಸಂಜೆಯಲ್ಲಿ ಐವತ್ತನಾಲ್ಕು ಸಾವಿರ ಲಾಭ ಆಯಿತು. ನನಗೆ ಖುಷಿಯೋ ಖುಷಿ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಪಾಠದ ಬಗ್ಗೆಯೇ ನಾಲ್ಕು ಮಾತು.

ನಮ್ಮ ಊರುಗಳಲ್ಲಿ ಕಾಮರ್ಸ್ ಕಲಿಯುವ ಮಕ್ಕಳು ಈಗ ಮನೆಗೊಬ್ಬರು ಎಂಬ ಹಾಗಿದ್ದಾರೆ. ಅವರು ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಲ್ಲ ಕಲಿತು ಅಂಕ ತೆಗೆದು ಪೇಟೆಯಲ್ಲಿ ಇನ್ನೊಬ್ಬರ ಲೆಕ್ಕ ಬರೆಯಲು ಹೋಗುತ್ತಾರೆ. ಇತ್ತ ಅಪ್ಪ ಕ್ಯಾಲೆಂಡರಿನ ಮೇಲೆ ಆಳಿನ ಹಾಜರಿ ಗುರುತು ಹಾಕುತ್ತಾ ಇರುತ್ತಾನೆ. ಒಂದೇ ಸೂರಿನ ಕೆಳಗೆ ಎರಡೂ ಇದ್ದು ಒಂದಕ್ಕೊಂದು ಪರಿಚಯವೇ ಇಲ್ಲ.

ಈ ವಿದ್ಯೆ ಹೊಸತೇನಲ್ಲ. ಇಟಲಿಯ ವೆನಿಸ್ ಪೇಟೆಯಲ್ಲಿ 1494ರಲ್ಲಿ ಲೂಕಾ ಪಾಚೋಲಿ ಎಂಬ ಕ್ರೈಸ್ತ ಸನ್ಯಾಸಿಯ ಗಣಿತದ ಪುಸ್ತಕ ಅಚ್ಚಾಯಿತು. ಅಲ್ಲಿನ ವ್ಯಾಪಾರಿಗಳು ಅದಾಗಲೇ ನಡೆಸಿಕೊಂಡು ಬಂದಿದ್ದ ಲೆಕ್ಕದ ಕ್ರಮವನ್ನು ಅದರಲ್ಲಿ ಅವರು ವಿವರಿಸಿದರು. ಅವರು ಹೇಳುವುದು ಮೂರು ಪುಸ್ತಕ. ಒಂದನೆಯದು ಆದದ್ದನ್ನು ಆದ ಹಾಗೆ ಗೀಚಿಡುವ ಪುಸ್ತಕ. ಎರಡನೆಯದು ಅದನ್ನು ತಾರೀಕು ಹಿಡಿದು ಕ್ರಮವಾಗಿ ಬರೆಯುವ ಜರ್ನಲ್. ಮೂರನೆಯದು ಪ್ರತಿಯೊಂದಕ್ಕೂ ಬೇರೆ ಖಾತೆ ತೆರೆಯುವ ಲೆಡ್ಜರ್. ಒಂದನೆಯ ಪುಸ್ತಕದಲ್ಲಿ ಮನೆಯ ಯಾರೂ ಬರೆಯಬಹುದು, ಅಕ್ಷರ ಬಲ್ಲ ಹೆಂಗಸರೂ ಬರೆಯಬಹುದು ಎಂದೂ ಅವರು ಹೇಳಿದ್ದಾರೆ.

ನಮ್ಮ ಡೈರಿ ಈ ಒಂದನೆಯ ಪುಸ್ತಕ. ನಾವು ಅಲ್ಲಿಗೇ ನಿಂತುಬಿಟ್ಟಿದ್ದೇವೆ. “ಮೈಲುತುತ್ತು, ಸುಣ್ಣ, ಮಗನ ಫೀಸು, ಪಂಪು ರಿಪೇರಿ, ಮದುವೆ ಉಡುಗೊರೆ” ಎಲ್ಲ ಒಂದೇ ಪುಟದಲ್ಲಿ. ವರ್ಷದ ಕೊನೆಗೆ ಕೂಡಿಸಿ “ಏನೂ ಉಳಿಯಲಿಲ್ಲ ಮಾರಾಯ್ರೆ” ಎನ್ನುತ್ತೇವೆ. ಉಳಿಯದಿರುವುದು ತೋಟದಿಂದಲೋ ಮನೆಯಿಂದಲೋ ಎಂದು ಕೇಳಿದರೆ ಗೊತ್ತಿಲ್ಲ. ಬೆಳೆಸಾಲ ತೆಗೆದು ಮನೆಗೆ ಹೆಂಚು ಹೊದೆಸಿದವನು ಅದರ ಬಡ್ಡಿಯನ್ನು ಅಡಿಕೆಯ ಮೇಲೆ ಹಾಕಿ ಅಡಿಕೆಯನ್ನು ಬೈಯುತ್ತಾನೆ.

ಈ ಪಾಠದಲ್ಲಿ ನಮಗೆ ಅಗತ್ಯವಾದ ಇನ್ನೂ ಎರಡು ವಿಷಯ ಉಂಟು.

ಒಂದು, ಬಂಡವಾಳದ ಖರ್ಚು ಬೇರೆ, ವರ್ಷದ ಖರ್ಚು ಬೇರೆ. 60,000 ಕೊಟ್ಟು ಪಂಪು ತಂದರೆ ಆ ವರ್ಷ ತೋಟ ನಷ್ಟದಲ್ಲಿ ಕಾಣುತ್ತದೆ, ಮರುವರ್ಷ ಲಾಭದಲ್ಲಿ ಕಾಣುತ್ತದೆ. ಎರಡೂ ಸುಳ್ಳು. ಪಂಪು ಹತ್ತು ವರ್ಷ ಬಾಳುವುದಾದರೆ ವರ್ಷಕ್ಕೆ 6,000ದಂತೆ ಸವಕಳಿ ಹಾಕುವುದು ಸರಿ. ಹೊಸ ಅಡಿಕೆ ತೋಟ ಎಬ್ಬಿಸುವುದೂ ಹೀಗೆಯೇ. ಸಸಿ ನೆಟ್ಟು ಐದಾರು ವರ್ಷ ಫಸಲಿಲ್ಲದೆ ಸಾಕುವ ಖರ್ಚು ಆ ವರ್ಷಗಳ ನಷ್ಟ ಅಲ್ಲ, ಮುಂದಿನ ಫಸಲಿನ ಮೇಲೆ ಹಂಚಬೇಕಾದ ಬಂಡವಾಳ. ಹಾಗೆ ಹಂಚದಿದ್ದರೆ ಫಸಲು ಬಂದ ಮೇಲೆ ಬಂದದ್ದೆಲ್ಲ ಲಾಭ ಎಂದು ಖರ್ಚು ಮಾಡಿಬಿಡುತ್ತೇವೆ. ಮರ ಮುದಿಯಾಗಿ ಮರುನಾಟಿ ಮಾಡುವ ಕಾಲಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ.

ಎರಡು, ಅಟ್ಟದ ಮೇಲಿನ ಅಡಿಕೆ. ವರ್ಷದ ಕೊನೆಗೆ ಉಳಿದ ಸರಕಿಗೆ ಬೆಲೆ ಕಟ್ಟುವಾಗ ಅಸಲು ಬೆಲೆ, ಪೇಟೆ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ನಾವು ಮಾಡುವುದು ನೇರ ಉಲ್ಟಾ. ಧಾರಣೆ ಏರಿದ ದಿನ ಅಟ್ಟದಲ್ಲಿರುವ ಗೋಣಿ ಲೆಕ್ಕ ಹಾಕಿ “ಇಷ್ಟು ಲಕ್ಷ ಉಂಟು” ಎಂದು ಧೈರ್ಯ ಮಾಡುತ್ತೇವೆ. ಆ ಧೈರ್ಯದಲ್ಲಿ ಸಾಲ ಎತ್ತುತ್ತೇವೆ. ಧಾರಣೆ ಇಳಿದ ಮೇಲೆ ಅಡಿಕೆ ಅಟ್ಟದಲ್ಲೇ ಉಳಿಯುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮಾರಿ ಕೈಗೆ ಬಾರದ ಹಣ ಹಣವಲ್ಲ ಎಂಬ ಈ ಎಚ್ಚರ ಒಂದನ್ನು ಕಲಿತರೂ ಎಷ್ಟೋ ಮನೆಗಳು ಉಳಿದಾವು.

ಹಾಗೆಂದು ಕಾಲೇಜಿನ ಪಾಠ ಪೂರ್ತಿ ಸರಿ ಎಂದು ನಾನು ಹೇಳುವುದಿಲ್ಲ. ಮಗಳ ಪುಸ್ತಕದ ಲೆಕ್ಕಗಳನ್ನೆಲ್ಲ ನೋಡಿದೆ. ಎಲ್ಲವೂ ಅಂಗಡಿಯವು. ಪೀಠೋಪಕರಣ ಕೊಂಡದ್ದು, ಉದ್ರಿ ಮಾರಿದ್ದು, ಗುಮಾಸ್ತನಿಗೆ ಸಂಬಳ ಕೊಟ್ಟದ್ದು. ಒಂದು ದನ ಇಲ್ಲ, ಒಂದು ಅಡಿಕೆ ಮರ ಇಲ್ಲ. ಕೃಷಿಕರ ಮಕ್ಕಳೇ ತುಂಬಿದ ತರಗತಿಯಲ್ಲಿ ಇದು ವಿಚಿತ್ರ ಅಲ್ಲವೇ? ಕರು ಬೆಳೆದು ದನವಾದರೆ ಅದನ್ನು ಎಲ್ಲಿ ಬರೆಯುವುದು? ಸೋಗೆ, ಹಾಳೆ, ತರಗೆಲೆ ಹಟ್ಟಿಗೆ ಹೋಗಿ ಗೊಬ್ಬರವಾಗಿ ತೋಟಕ್ಕೇ ಬರುವುದನ್ನು ಯಾವ ಖಾತೆಯಲ್ಲಿ ತೋರಿಸುವುದು? ಹೀಗೆ ಕೇಳಿದರೆ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಎರಡು ಬದಿಯ ಮೊತ್ತ ತಾಳೆಯಾದರೂ ಲೆಕ್ಕ ಸರಿ ಎಂದು ಭಾವಿಸಬಾರದು, ಪೂರ್ತಿ ಬರೆಯದೆ ಬಿಟ್ಟದ್ದನ್ನು ಅದು ಹಿಡಿಯುವುದಿಲ್ಲ ಎಂದು ಅದೇ ಪುಸ್ತಕದಲ್ಲಿ ಉಂಟು. ನಾನು ಬಿಟ್ಟ ಕತೆ ಇಲ್ಲಿಗೆ ಬರುತ್ತದೆ.

ಐವತ್ತನಾಲ್ಕು ಸಾವಿರ ಲಾಭ ಎಂದು ನಾನು ಒಳಗೆ ಕೂಗಿ ಹೇಳಿದಾಗ ನನ್ನ ಹೆಂಡತಿ ಹಾಲು ಕರೆದು ಆಗ ತಾನೇ ಬಂದಿದ್ದಳು. ಕೈ ಒರೆಸಿಕೊಳ್ಳುತ್ತಾ ಕೇಳಿದಳು: “ಅದರಲ್ಲಿ ನನ್ನ ಸಂಬಳ ಎಷ್ಟು ಹಾಕಿದ್ದೀರಿ?”

ಮಗಳೂ ಸುಮ್ಮನಾದಳು. ಒಬ್ಬನೇ ಯಜಮಾನನ ಅಂಗಡಿಯ ಲೆಕ್ಕದಲ್ಲಿ ಯಜಮಾನನ ದುಡಿಮೆಗೆ ಸಂಬಳ ಬರೆಯುವ ಕ್ರಮ ಇಲ್ಲ, ಅದು ಲಾಭದೊಳಗೇ ಸೇರಿತು ಎಂದು ಲೆಕ್ಕ. ಅವನ ಮನೆಯವರು ಸಂಬಳವಿಲ್ಲದೆ ದುಡಿದರೆ ಅದಕ್ಕಂತೂ ಸಾಲೇ ಇಲ್ಲ. ನಾವು ಕೂತು ಹೊಸತಾಗಿ ಬರೆದೆವು. ಬೆಳಿಗ್ಗೆ, ಸಂಜೆ ಸೇರಿ ಅವಳಿಗೆ ಹಟ್ಟಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಕೆಲಸ. ಅಂದರೆ ಅರ್ಧ ಆಳು. ನಮ್ಮಲ್ಲಿ ಹೆಣ್ಣಾಳಿಗೆ 500 ಎಂದು ಹಿಡಿದರೆ ದಿನಕ್ಕೆ 250, ವರ್ಷಕ್ಕೆ 91,000. ಐವತ್ತನಾಲ್ಕು ಸಾವಿರದ ಲಾಭ ಹೋಗಿ ಮೂವತ್ತೇಳು ಸಾವಿರ ನಷ್ಟ! ಬೇರೆ ರೀತಿಯಲ್ಲಿ ಹೇಳುವುದಾದರೆ ವರ್ಷದ 1,460 ಗಂಟೆಗೆ ಹಟ್ಟಿ ಅವಳಿಗೆ ಕೊಡುತ್ತಿದ್ದದ್ದು ಗಂಟೆಗೆ 37 ರೂಪಾಯಿ. ಹೊರಗಿನ ಆಳಿಗೆ ನಾನು ಗಂಟೆಗೆ 62 ಕೊಡುತ್ತೇನೆ.

ಇದು ನಮ್ಮ ಮನೆಯ ತಕರಾರು ಮಾತ್ರ ಎಂದು ಯಾರೂ ನಗಬೇಡಿ. ಬೆಂಬಲ ಬೆಲೆಗೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೇ ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಕೈಯಿಂದ ಕೊಟ್ಟ ಖರ್ಚಿಗೆ ಅವರು ಎ2 ಎನ್ನುತ್ತಾರೆ. ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ ಎ2 ಜತೆಗೆ ಎಫ್ಎಲ್. ಸ್ವಂತ ಜಾಗದ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಕೂಡಾ ಸೇರಿದರೆ ಸಿ2. ಖರ್ಚಿನ ಒಂದೂವರೆ ಪಟ್ಟು ಬೆಲೆ ಎಂದು 2018ರ ಬಜೆಟಿನಲ್ಲಿ ಸರಕಾರ ಹೇಳಿದಾಗ ಹಿಡಿದದ್ದು ಎ2 ಮತ್ತು ಎಫ್ಎಲ್. ಸಿ2 ಮೇಲೆ ಕೊಡಿ ಎಂದು ರೈತ ಸಂಘಟನೆಗಳು ಕೇಳುತ್ತಾ ಬಂದಿವೆ. ಈ ಜಗಳ ಅರ್ಥವಾಗಬೇಕಾದರೂ, ಅದರಲ್ಲಿ ನಮ್ಮ ಮಾತಿಗೆ ತೂಕ ಬರಬೇಕಾದರೂ, ನಮ್ಮ ಕೈಯಲ್ಲಿ ನಮ್ಮದೇ ಲೆಕ್ಕ ಬೇಡವೇ? “ಖರ್ಚು ಹೆಚ್ಚಾಯಿತು” ಎಂದು ಬೊಬ್ಬೆ ಹೊಡೆದರೆ ಯಾರೂ ಕೇಳುವುದಿಲ್ಲ. ಎಷ್ಟು ಎಂದರೆ ನಾವು ಮುಖ ಮುಖ ನೋಡುತ್ತೇವೆ.

ಕೆಲವರು ಹೇಳುವುದುಂಟು, “ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಮತ್ತೆ ಲೆಕ್ಕ ಯಾರಿಗೆ ತೋರಿಸಲಿಕ್ಕೆ?” ತೋರಿಸಲಿಕ್ಕಲ್ಲ ಸ್ವಾಮೀ, ನೋಡಲಿಕ್ಕೆ. ಇನ್ನು ಕೆಲವರದ್ದು, “ಬರೆದರೆ ಬೇಜಾರು, ಬರೆಯದಿದ್ದರೆ ನೆಮ್ಮದಿ.” ಜ್ವರ ಇದ್ದವನು ಥರ್ಮಾಮೀಟರ್ ಬಿಸಾಡಿದ ಹಾಗಾಯಿತು ಇದು.

ಸಣ್ಣ ಕೃಷಿಕರಿಗೆ ಬಿ.ಕಾಂ. ಪಾಠ ಪೂರ್ತಿ ಬೇಕಾಗಿಲ್ಲ. ನನ್ನ ಅನುಭವದಲ್ಲಿ ಒಂದು ಇನ್ನೂರು ಪುಟದ ಪುಸ್ತಕ ಸಾಕು. ಡೈರಿ ಇರಲಿ, ಬಿಡುವುದು ಬೇಡ. ವಾರಕ್ಕೊಮ್ಮೆ ಅದರಿಂದ ಎತ್ತಿ ಐದು ಖಾತೆಗೆ ಬರೆಯಿರಿ: ಅಡಿಕೆ, ಎಡೆಬೆಳೆ, ಹಟ್ಟಿ, ಮನೆ, ಸಾಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದದ್ದನ್ನು ಎರಡೂ ಕಡೆ ಬರೆಯಿರಿ. ಗೊಬ್ಬರ ಹಟ್ಟಿಯಲ್ಲಿ ಜಮೆ, ಅಡಿಕೆಯಲ್ಲಿ ಖರ್ಚು. ತೆಂಗಿನಕಾಯಿ ಎಡೆಬೆಳೆಯಲ್ಲಿ ಜಮೆ, ಮನೆಯಲ್ಲಿ ಖರ್ಚು. ಕೊನೆಯ ಪುಟಗಳಲ್ಲಿ ಪಂಪು, ಸ್ಪ್ರೇಯರ್, ಹೊಸ ನಾಟಿ ಇವುಗಳ ಪಟ್ಟಿ ಮತ್ತು ಸವಕಳಿ. ಮನೆಯವರು ದುಡಿದ ಗಂಟೆಗೆ ಒಂದು ಸಾಲು. ದುಡ್ಡು ಕೊಡಲಾಗದಿದ್ದರೂ ಸರಿ, ಬರೆಯಿರಿ.

ಕಾಲೇಜಿನ ಉಪನ್ಯಾಸಕರಲ್ಲಿ ಒಂದೇ ಬೇಡಿಕೆ. ಮೊದಲ ವರ್ಷದ ಮಕ್ಕಳಿಗೆ ಅಂಗಡಿ ಲೆಕ್ಕದ ಜತೆಗೆ ತಮ್ಮ ಮನೆಯ ತೋಟದ್ದೋ ಗದ್ದೆಯದ್ದೋ ಒಂದು ವರ್ಷದ ಲೆಕ್ಕ ಬರೆದು ತರಲು ಹೇಳಿ. ಅದಕ್ಕೆ ಅಂಕ ಕೊಡಿ. ಅಪ್ಪನ ಡೈರಿಯನ್ನು ಮಕ್ಕಳು ಆಗಲಾದರೂ ತೆರೆದು ನೋಡುತ್ತಾರೆ. ಕೃಷಿಯಲ್ಲಿ ಏನೂ ಇಲ್ಲ ಎನ್ನುವವರು ಲೆಕ್ಕ ನೋಡಿ ಹೇಳಲಿ, ಇದೆ ಎನ್ನುವವರೂ ಲೆಕ್ಕ ನೋಡಿಯೇ ಹೇಳಲಿ.

ನಮ್ಮ ಹಟ್ಟಿಯ ತೀರ್ಮಾನ ಏನಾಯಿತು ಎಂದು ಕೇಳುವವರಿದ್ದೀರಿ. ಈ ಸಲ ತೀರ್ಮಾನ ನನ್ನದಾಗಿರಲಿಲ್ಲ. ಪುಸ್ತಕ ಅವಳ ಮುಂದೆ ಇಟ್ಟೆ. ಮನೆಗೆ ಹಾಲು, ತೋಟಕ್ಕೆ ಅರ್ಧದಷ್ಟಾದರೂ ಗೊಬ್ಬರ ಬೇಕು, ಅದಕ್ಕೆ ಎರಡು ದನ ಸಾಕು ಎಂದಳು. ಎರಡನ್ನು ಕೊಟ್ಟೆವು. ಸೊಸೈಟಿಯ ಹಾಲಿನ ಹಣ ಈಗ ಅವಳ ಖಾತೆಗೆ ಹೋಗುತ್ತದೆ. ಹಟ್ಟಿಯ ಪುಟ ಬರೆಯುವವಳೂ ಅವಳೇ. ಮೊನ್ನೆ ನಾನು ಕೇಳದೆ ಅರ್ಧ ಲೀಟರ್ ಹಾಲು ನೆರೆಮನೆಗೆ ಕೊಟ್ಟದ್ದೂ ಅದರಲ್ಲಿ ನನ್ನ ಹೆಸರಿಗೆ ಬರೆದಾಗಿದೆ.