ನೊಂದ ನಿರಾಶ್ರಿತರಿಗೆ ಚಿಕಿತ್ಸೆ: ಫಲ ಸಿಕ್ಕಿದೆಯೇ, ಅಳೆಯುವುದು ಹೇಗೆ?

ಸೋಮಂದೇಪಲ್ಲಿ: ಮನಸ್ಸಿನ ಕಾಯಿಲೆ ಎಂದರೆ ನಮ್ಮ ಭಾಗದವರು ಹೆದ್ದಾರಿ ಹಿಡಿದು ಹೋಗುವುದು ಬೆಂಗಳೂರಿನ ನಿಮ್ಹಾನ್ಸ್‌ಗೆ. ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಕಷ್ಟ ಹೇಳಿಕೊಳ್ಳಬಹುದು. ಆದರೆ ಊರು, ಮನೆ, ಭಾಷೆ ಎಲ್ಲ ಬಿಟ್ಟು ಓಡಿಬಂದವರ ಗತಿ?

ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದಲೂ ಟಿಬೆಟಿಯನ್ನರು ನೆಲೆಸಿದ್ದಾರೆ. ಧರ್ಮಶಾಲೆಗೆ ಹೊಸದಾಗಿ ಬಂದ ಟಿಬೆಟಿಯನ್ನರ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಜೈಲು, ಚಿತ್ರಹಿಂಸೆ ಅನುಭವಿಸಿದವರಲ್ಲೂ ಮಾನಸಿಕ ತೊಂದರೆ ನಿರೀಕ್ಷೆಗಿಂತ ಕಡಿಮೆ ಕಂಡಿತು. ಪ್ರಾರ್ಥನೆ, ನಂಬಿಕೆಗಳೇ ಅವರ ಆಸರೆಯಾಗಿದ್ದವು. ಹೊರಗಿನಿಂದ ಬಂದ ಚಿಕಿತ್ಸೆ ಇಂಥ ಆಸರೆಯನ್ನು ಕದಲಿಸದೆ ನೆರವಾಗಬೇಕು ಎಂಬುದು ಇದರ ಪಾಠ.

ಹಾಗಾದರೆ ಚಿಕಿತ್ಸೆಯ ಫಲ ಅಳೆಯುವುದು ಹೇಗೆ? ಉಗಾಂಡಾದ ನಕಿವಾಲೆಯಲ್ಲಿ ರುವಾಂಡಾ ಮತ್ತು ಸೊಮಾಲಿಯಾದ 277 ನಿರಾಶ್ರಿತರ ಮೇಲೆ ನಡೆದ ಪ್ರಯೋಗದ ವರದಿಯೂ 2008ರಲ್ಲೇ ಬಂತು. ಒಂದು ಗುಂಪಿಗೆ ಬದುಕಿನ ಕಥೆಯನ್ನು ಮೊದಲಿನಿಂದ ಹೇಳಿಸುವ ಚಿಕಿತ್ಸೆ, ಇನ್ನೊಂದಕ್ಕೆ ಆಪ್ತಸಲಹೆ, ಮೂರನೆಯದಕ್ಕೆ ಬರೀ ವಿಚಾರಣೆ. ಸಲಹೆ ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ. 70, ಎರಡನೆಯದರಲ್ಲಿ ಶೇ. 65 ಮಂದಿ ಕಾಯಿಲೆಯ ಲಕ್ಷಣಗಳಿಂದ ಹೊರಬಂದಿದ್ದರು.

ಇಲ್ಲೇ ಒಂದು ಸೂಕ್ಷ್ಮ. ಚಿಕಿತ್ಸೆ ಇಲ್ಲದ ಮೂರನೇ ಗುಂಪಿನಲ್ಲೂ ಶೇ. 37 ಮಂದಿ ಸುಧಾರಿಸಿದ್ದರು! ಕಾಲವೂ ಗಾಯ ಮಾಯಿಸುತ್ತದೆ. ಹೋಲಿಕೆ ಗುಂಪಿಲ್ಲದೆ ‘ನಮ್ಮಿಂದ 70 ಮಂದಿ ಗುಣವಾದರು’ ಎಂದರೆ ಅದು ಅರ್ಧ ಸತ್ಯ. ಹಾಗೆಂದು ನೊಂದವರನ್ನು ಚಿಕಿತ್ಸೆ ಇಲ್ಲದೆ ಕಾಯಿಸುವುದು ನ್ಯಾಯವೇ? ಎಲ್ಲರಿಗೂ ಒಟ್ಟಿಗೆ ಕೊಡುವಷ್ಟು ಜನ, ಹಣ ಇಲ್ಲದಾಗ ಕೆಲವರಿಗೆ ಮೊದಲು, ಉಳಿದವರಿಗೆ ನಂತರ ಕೊಟ್ಟು ಹೋಲಿಸುವುದು ಒಂದು ದಾರಿ.

ಇದರಲ್ಲಿ ನಮಗೇನು ಎಂದು ಕೇಳಬಹುದು. ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪರೀಕ್ಷಿಸಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಸ್ಥಳೀಯ ಆರೋಗ್ಯ ಕಾರ್ಯಕರ್ತರೇ ಅದರ ಬೆನ್ನೆಲುಬು. 2022ರಲ್ಲಿ ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಕನ್ನಡ, ತೆಲುಗಿನಲ್ಲಿ ಮಾತನಾಡಬಹುದು.

ಬರ ಬಂದರೆ ಗುಳೆ ಹೋಗುವ, ಸಾಲಕ್ಕೆ ಹೆದರಿ ನಿದ್ದೆಗೆಡುವ ಸೀಮೆ ನಮ್ಮದು. ಎಷ್ಟು ಫೋನ್ ಬಂತು ಎಂಬ ಲೆಕ್ಕ ಸಾಲದು. ಆರು ತಿಂಗಳಾದ ಮೇಲೆ ಎಷ್ಟು ಜನ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ ಎಂಬ ಲೆಕ್ಕವನ್ನೂ ನಾವು ಕೇಳಬೇಕು.