ಸೇನಾಧಿಕಾರಕ್ಕೆ ಕಾಲೇಜಿನ ದಾರಿ

ಖಡಕ್ವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಯಲ್ಲಿ ಮಗನು ತೇರ್ಗಡೆಯಾಗದಿದ್ದರೆ, ಇಲ್ಲವೆ ಅಂಥ ಪರೀಕ್ಷೆಯೊಂದುಂಟೆಂಬುದೇ ಹತ್ತೊಂಬತ್ತೂವರೆ ವರ್ಷದ ವಯೋಮಿತಿ ಮೀರುವವರೆಗೆ ತಿಳಿಯದೆ ಹೋದರೆ, ಸೇನಾಧಿಕಾರಿಯಾಗುವ ಆಸೆಯನ್ನು ಅಲ್ಲಿಗೇ ತೊರೆಯುವ ತರುಣರು ಶಿವಮೊಗ್ಗ ಭದ್ರಾವತಿಗಳಲ್ಲಿ ವಿರಳರಲ್ಲ. ಇದು ಅನವಶ್ಯಕವಾದ ನಿರಾಶೆ. ಎರಡನೆಯ ಬಾಗಿಲು ಪದವಿ ಕಾಲೇಜಿನ ಅಂಗಳದಲ್ಲಿಯೇ ಇದೆ.

ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆರಡು ಬಾರಿ ನಡೆಸುವ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆಗೆ ಪದವೀಧರರೂ ಅಂತಿಮ ವರ್ಷದ ವಿದ್ಯಾರ್ಥಿಗಳೂ ಕುಳಿತುಕೊಳ್ಳಬಹುದು. ಅದರಲ್ಲಿ ಗೆದ್ದವರು ಆಯ್ಕೆ ಮಂಡಲಿಯ ಐದು ದಿನಗಳ ಪರೀಕ್ಷೆಯನ್ನೂ ವೈದ್ಯಪರೀಕ್ಷೆಯನ್ನೂ ದಾಟಿ, 1932ರಲ್ಲಿ ಆರಂಭವಾದ ಡೆಹರಾಡೂನಿನ ಅಕಾಡೆಮಿಗೋ ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿಗೋ ಹೋಗುತ್ತಾರೆ. ಚೆನ್ನೈನ ಬಾಗಿಲು 1992ರಿಂದ ತರುಣಿಯರಿಗೂ ತೆರೆದಿದೆ. ಅಲ್ಲಿಗೆ ಗಣಿತದ ಪತ್ರಿಕೆಯಿಲ್ಲವಾದುದರಿಂದ ಕಲಾ ವಿಭಾಗದವರು ಅಂಜಬೇಕಾದುದಿಲ್ಲ.

ಈ ಕ್ರಮ ಹೊಸದೇನೂ ಅಲ್ಲ. ಕೊಡಗಿನ ಕಾರ್ಯಪ್ಪನವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಬಳಿಕವೇ ಇಂದೋರಿನ ಕೆಡೆಟ್ ಕಾಲೇಜಿಗೆ ಆಯ್ಕೆಯಾಗಿ, 1919ರಲ್ಲಿ ಸೇನಾಧಿಕಾರಿಯಾದರು. 1949ರ ಜನವರಿ 15ರಂದು ಅವರೇ ಸ್ವತಂತ್ರ ಭಾರತದ ಭೂಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು.

ಆದರೆ ದಾರಿಯಿದ್ದರೆ ಸಾಲದು. ಹೊರಡುವಾಗಲೇ ಅದು ತಿಳಿದಿರಬೇಕು. ವಾಯುಸೇನೆಯ ಹಾರಾಟಕ್ಕೆ ಇಂಜಿನಿಯರಿಂಗ್ ಪದವಿಯಾಗಲಿ, ಪಿ.ಯು.ಸಿ.ಯಲ್ಲಿ ಗಣಿತ ಭೌತವಿಜ್ಞಾನಗಳನ್ನು ಓದಿ ಪಡೆದ ಬೇರೆ ಪದವಿಯಾಗಲಿ ಬೇಕು. ನೌಕಾ ಅಕಾಡೆಮಿಗೆ ಇಂಜಿನಿಯರಿಂಗ್ ಪದವಿಯೇ ಬೇಕು. ಎನ್.ಸಿ.ಸಿ.ಯ 'ಸಿ' ಪ್ರಮಾಣಪತ್ರವನ್ನು ಉತ್ತಮ ಶ್ರೇಣಿಯಲ್ಲಿ ಪಡೆದು ಪದವಿಯಲ್ಲಿ ಶೇಕಡ 50 ಅಂಕ ಗಳಿಸಿದವರು ಲಿಖಿತ ಪರೀಕ್ಷೆಯಿಲ್ಲದೆಯೇ ನೇರವಾಗಿ ಆಯ್ಕೆ ಮಂಡಲಿಯ ಮುಂದೆ ನಿಲ್ಲಬಹುದು. ಆದರೆ ಆ ಪ್ರಮಾಣಪತ್ರಕ್ಕೆ ವರ್ಷಗಳ ಸೇವೆ ಅಗತ್ಯ. ಅಂತಿಮ ವರ್ಷದಲ್ಲಿ ಎಚ್ಚೆತ್ತವನಿಗೆ ಅದು ದಕ್ಕುವುದಿಲ್ಲ. ಇನ್ನು ಪ್ರಶ್ನಪತ್ರಿಕೆಗಳು ಕನ್ನಡದಲ್ಲಿ ದೊರೆಯವು. ಇದು ನ್ಯಾಯವಲ್ಲವೆಂದು ನಾವು ಹೇಳುತ್ತಲೇ ಇರಬೇಕು. ಆದರೆ ನ್ಯಾಯ ದೊರೆಯುವವರೆಗೆ ಹುಡುಗರು ಇಂಗ್ಲಿಷಿನಲ್ಲಿ ಪಳಗಬೇಕು.

ಸೈನ್ಯಕ್ಕೆ ಹೋಗುವವನಿಗೆ ಕಾಲೇಜೇಕೆಂದು ಕೇಳುವ ಹಿರಿಯರುಂಟು. ಆಯ್ಕೆಯಾದವನು ಇತರರನ್ನು ನಡೆಸಬೇಕಾದವನು. ಅವನಿಗೆ ತಿಳಿವಳಿಕೆ ಹೊರೆಯಲ್ಲ. ಆಯ್ಕೆಯಾಗದಿದ್ದರೂ ಪದವಿ ಕೈಯಲ್ಲಿರುತ್ತದೆ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯಲ್ಲಿ, ತಂದೆಯ ಬಳಿಕ ಮಗನಿಗೂ ಕಾರ್ಖಾನೆಯೇ ಆಸರೆಯೆಂಬ ನಂಬಿಕೆಯಿದ್ದಿತು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಆ ನಂಬಿಕೆ ಉಳಿದಿಲ್ಲ. ಅಲ್ಲಿಯ ಮನೆಗಳಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ.

ಆದಕಾರಣ ಸಹ್ಯಾದ್ರಿ ಕಾಲೇಜು, ಭದ್ರಾವತಿಯ ಸರ್ ಎಂ.ವಿ. ಕಾಲೇಜುಗಳು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇವುಗಳ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಪ್ರವೇಶದ ದಿನವೇ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ನಿಯಮಗಳನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಕೊಡಿ, ಅಪೇಕ್ಷಿಸುವವರಿಗೆ ಎನ್.ಸಿ.ಸಿ.ಯಲ್ಲಿ ಸ್ಥಳವನ್ನೂ ಸಂಜೆಯ ಹೊತ್ತು ಇಂಗ್ಲಿಷಿನ ಅಭ್ಯಾಸವನ್ನೂ ಒದಗಿಸಿ. ಖರ್ಚು ಅಲ್ಪ. ತಿಳಿಯದೆ ಕಳೆದ ವಯಸ್ಸನ್ನು ಮಾತ್ರ ಯಾವ ಸರಕಾರವೂ ಮರಳಿಸಿಕೊಡಲಾರದು.