ಚಿಂತೆಯೆಂಬ ಜಾಡ್ಯ

ಚಿತೆಗೂ ಚಿಂತೆಗೂ ನಡುವಿನ ಅಂತರ ಒಂದು ಸೊನ್ನೆ ಮಾತ್ರವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತು ಸುಳ್ಳಲ್ಲ, ಆದರೆ ಅದನ್ನು ಕೇಳಿ ಚಿಂತೆಯನ್ನು ಬಿಟ್ಟವರು ನಮ್ಮ ಕಣ್ಣಿಗೆ ಬಿದ್ದಿಲ್ಲ. ಚಿಂತಾಕ್ರಾಂತನಾದ ಮನುಷ್ಯನಿಗೆ ನಮ್ಮಲ್ಲಿ ಧಾರಾಳವಾಗಿ ದೊರೆಯುವ ಔಷಧವೆಂದರೆ ಉಪದೇಶ. ಧೈರ್ಯ ತಂದುಕೋ, ದೇವರ ಮೇಲೆ ಭಾರ ಹಾಕು, ಗಂಡಸಾಗಿ ಹೀಗೆ ಅಂಜುವದೇ ಎಂದು ಮನೆಯವರೂ ನೆರೆಯವರೂ ಸರದಿಯಂತೆ ಹೇಳಿ ಹೋಗುತ್ತಾರೆ. ಜ್ವರ ಬಂದವನ ಹಾಸಿಗೆಯ ಬಳಿ ನಿಂತು ‘ಮೈಕಾವನ್ನು ಇಳಿಸಿಕೋ’ ಎಂದು ಯಾರೂ ಬೋಧಿಸುವದಿಲ್ಲ. ಚಿಂತೆಯ ವಿಷಯದಲ್ಲಿ ಮಾತ್ರ ಇಂಥ ಬೋಧೆ ವಿವೇಕವೆನಿಸಿಕೊಂಡಿರುವದು ಶೋಚನೀಯ.

ಚಿಂತೆಯೆಲ್ಲವೂ ರೋಗವೆಂದು ನಮ್ಮ ಅಭಿಪ್ರಾಯವಲ್ಲ. ಮಗಳ ಲಗ್ನ, ಸಾಲದ ಕಂತು, ಕಚೇರಿಯ ತಪಾಸಣೆ ಇವುಗಳ ಕಾಳಜಿಯೇ ಇಲ್ಲದವನಿಂದ ಸಂಸಾರಕ್ಕೂ ನಾಡಿಗೂ ಪ್ರಯೋಜನವಿಲ್ಲ. ಭಯವು ಶರೀರದ ಕಾವಲುಗಾರ. ಅಪಾಯವನ್ನು ಕಂಡೊಡನೆ ಎದೆಬಡಿತವೇರಿ, ಉಸಿರು ಚುರುಕಾಗಿ, ಹೋರಾಟಕ್ಕೋ ಪಲಾಯನಕ್ಕೋ ದೇಹವು ಅಣಿಯಾಗುವ ಬಗೆಯನ್ನು ಅಮೇರಿಕೆಯ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು ೧೯೧೫ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹುಲಿಯೆದುರು ಪ್ರಾಣವುಳಿಸುವ ಈ ಸಿದ್ಧತೆಯು ಮೇಲಧಿಕಾರಿಯ ಟಪಾಲಿನೆದುರಿಗೂ ನಡೆದು, ಟಪಾಲು ಬಾರದ ದಿನವೂ ನಿಲ್ಲದಿದ್ದರೆ ಅದು ಕಾವಲಲ್ಲ, ಕಾಟ. ಹತೋಟಿಗೆ ಬಾರದ ಚಿಂತೆಯು ಆರು ತಿಂಗಳ ಕಾಲ ಬಹುತೇಕ ದಿನಗಳಲ್ಲಿ ಕಾಡಿ, ನಿದ್ರೆಯನ್ನೂ ಕೆಲಸವನ್ನೂ ಕೆಡಿಸಿದರೆ ವೈದ್ಯರು ಅದನ್ನು ವ್ಯಾಧಿಯೆಂದೇ ಎಣಿಸುತ್ತಾರೆ.

ಎದೆನೋವು ಕಂಡಾಗ ಹೃದಯವನ್ನು ಪರೀಕ್ಷಿಸಿಕೊಳ್ಳುವದು ಅವಶ್ಯವೇ ಸರಿ. ಆದರೆ ಹೃದಯ ನಿರ್ದೋಷವೆಂದು ಒಬ್ಬ ವೈದ್ಯನು ಬರೆದುಕೊಟ್ಟ ಮೇಲೂ ಎರಡನೆಯವನ, ಮೂರನೆಯವನ ಬಾಗಿಲು ತಟ್ಟುತ್ತ ಹೋಗುವವರು ನಮ್ಮ ಪಟ್ಟಣಗಳಲ್ಲಿ ಕಡಿಮೆಯಿಲ್ಲ. ಪ್ರತಿಯೊಂದು ಅಭಯವಚನವೂ ನಾಲ್ಕು ದಿನ ಬಾಳುತ್ತದೆ. ಐದನೆಯ ದಿನ ಸಂಶಯ ಮರಳುತ್ತದೆ. ಬೇರೆ ಕೆಲವರು ಔಷಧದಂಗಡಿಯ ಪರಿಚಯದಿಂದ ಅಲ್ಪ್ರಜೋಲಾಮ್ ಗುಳಿಗೆಯನ್ನು ನುಂಗಿ ರಾತ್ರಿ ಕಳೆಯುತ್ತಾರೆ. ಈ ಗುಳಿಗೆಯು ಚಟವಾಗಬಲ್ಲದೆಂದೇ ೨೦೧೪ರಿಂದ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದ್ದನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಬೇಕೆಂದೂ ಕಟ್ಟುನಿಟ್ಟು ಮಾಡಲಾಗಿದೆ. ಬಹುಕಾಲ ಸೇವಿಸಿದವರು ಅದನ್ನು ಒಮ್ಮೆಲೆ ಬಿಡುವದೂ ಅಪಾಯಕರ. ವೈದ್ಯರ ಸಲಹೆಯಂತೆ ಇಳಿಸುತ್ತ ಬರಬೇಕು.

ಇವೆರಡಕ್ಕಿಂತಲೂ ಸೂಕ್ಷ್ಮವಾದ ಮತ್ತೊಂದು ಹಾನಿಯುಂಟು. ಅದೇ ತಪ್ಪಿಸಿಕೊಳ್ಳುವದು. ಕಿಕ್ಕಿರಿದ ಬಸ್ಸಿನಲ್ಲಿ ಒಮ್ಮೆ ದಿಗಿಲುಗೊಂಡ ಗುಮಾಸ್ತನು ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತಾನೆ. ಇಳಿದೊಡನೆ ನೆಮ್ಮದಿ. ಆ ನೆಮ್ಮದಿಯೇ ಮೋಸಗಾರ! ಇಳಿದದ್ದರಿಂದ ಬದುಕಿದೆನೆಂದು ಮನಸ್ಸು ಪಾಠ ಕಲಿಯುತ್ತದೆ. ಕೂತಿದ್ದರೂ ಭಯವು ತಾನಾಗಿ ಇಳಿಯುತ್ತಿತ್ತೆಂಬದನ್ನು ಕಲಿಯುವ ಅವಕಾಶವೇ ಬರುವದಿಲ್ಲ. ಮರುದಿನ ಬಸ್ಸು ಬಿಟ್ಟ, ಅನಂತರ ಸಂತೆ ಬಿಟ್ಟ, ಕೊನೆಗೆ ಒಬ್ಬನೇ ಹೊಸ್ತಿಲು ದಾಟದಾದ. ಮನೆಯವರು ಅಂತಃಕರಣದಿಂದಲೇ ಜತೆಗೆ ಹೋಗುತ್ತಾರೆ, ಅವನ ಕೆಲಸಗಳನ್ನು ತಾವೇ ಮಾಡಿಕೊಡುತ್ತಾರೆ. ಈ ಅಂತಃಕರಣವು ರೋಗಕ್ಕೆ ಗೊಬ್ಬರ. ಇಂದು ಒಂದು ನಿಲ್ದಾಣದವರೆಗೆ, ಅದು ರೂಢಿಯಾದ ಮೇಲೆ ಎರಡರವರೆಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಯದ ಕಡೆಗೇ ನಡೆಯಿಸುವದು ಈ ಬಗೆಯ ದಿಗಿಲಿಗೆ ಪರೀಕ್ಷಿತವಾದ ಚಿಕಿತ್ಸೆ. ಮನೆಯವರು ಮಾಡಬೇಕಾದದ್ದು ಆ ಮೆಟ್ಟಿಲುಗಳಿಗೆ ಆಸರೆಯಾಗಿ ನಿಲ್ಲುವದು, ಹೊತ್ತು ದಾಟಿಸುವದಲ್ಲ.

ದಿನವಿಡೀ ತಲೆ ತಿನ್ನುವ ಚಿಂತೆಗೆ ಇನ್ನೊಂದು ಉಪಾಯವನ್ನು ಅಮೇರಿಕೆಯ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು ೧೯೮೩ರಲ್ಲಿ ಪ್ರಯೋಗಿಸಿ ನೋಡಿದರು. ದಿನಕ್ಕೆ ಅರ್ಧ ತಾಸು, ಗೊತ್ತಾದ ವೇಳೆಯಲ್ಲಿ, ಗೊತ್ತಾದ ಸ್ಥಳದಲ್ಲಿ ಚಿಂತಿಸಬೇಕು. ಮಿಕ್ಕ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ವೇಳೆಗೆ ಮುಂದೂಡಬೇಕು. ಕಡತಗಳನ್ನು ಮುಂದೂಡುವದರಲ್ಲಿ ನಿಷ್ಣಾತರಾದ ನಮ್ಮ ಕಚೇರಿಯ ಮಹನೀಯರಿಗೆ ಇದು ಕಠಿಣವಾಗಲಾರದು.

ಇಷ್ಟರಿಂದಲೂ ಇಳಿಯದ ವ್ಯಾಧಿಗೆ ವೈದ್ಯರೇ ಗತಿ. ವೈದ್ಯರೆಲ್ಲಿ? ಹನ್ನೆರಡು ರಾಜ್ಯಗಳಲ್ಲಿ ೨೦೧೫-೧೬ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ ೧೦.೬ ಜನರು ಯಾವದಾದರೊಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಚಿಂತೆ, ಖಿನ್ನತೆ ಮೊದಲಾದ ಸಾಮಾನ್ಯ ವ್ಯಾಧಿಗಳಲ್ಲಿ ಶೇಕಡಾ ೮೫ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇದಕ್ಕೆ ದಾರಿ ತೋರಿಸಿದ್ದು ನಮ್ಮ ಬಳ್ಳಾರಿಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ ಅಲ್ಪಾವಧಿಯ ಶಿಕ್ಷಣವಿತ್ತು, ಮನೋರೋಗಿಗಳನ್ನು ಊರಲ್ಲೇ ಉಪಚರಿಸಬಹುದೆಂದು ಮಾಡಿ ತೋರಿಸಿತು. ೧೯೯೬ರಲ್ಲಿ ಆರಂಭವಾದ ದೇಶದ ಜಿಲ್ಲಾ ಕಾರ್ಯಕ್ರಮವು ಆ ಮಾದರಿಯಿಂದಲೇ ಹುಟ್ಟಿದ್ದು. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಸರಕಾರಿ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವದನ್ನು ಪ್ರಜೆಯ ಹಕ್ಕೆಂದು ಸಾರಿತು. ೨೦೨೨ರ ಅಕ್ಟೋಬರದಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಯಾರೂ ಖರ್ಚಿಲ್ಲದೆ ದೂರವಾಣಿ ಮಾಡಬಹುದು. ಉತ್ತರ ಕನ್ನಡದಲ್ಲಿಯೇ ದೊರೆಯುತ್ತದೆ.

ದೂರವಾಣಿಯಲ್ಲಿ ಸಮಾಧಾನ ಹೇಳಬಹುದು. ಮೆಟ್ಟಿಲು ಮೆಟ್ಟಿಲಾಗಿ ನಡೆಯಿಸಲು, ತಿಂಗಳು ತಿಂಗಳಿಗೆ ಔಷಧವನ್ನು ತೂಗಿ ನೋಡಲು ಹತ್ತಿರದಲ್ಲಿ ಮನುಷ್ಯನೇ ಬೇಕು. ಆದುದರಿಂದ ನಾವು ಆರೋಗ್ಯ ಇಲಾಖೆಯನ್ನು ಕೇಳುವದು ಹೊಸ ಯೋಜನೆಯನ್ನಲ್ಲ. ಪ್ರತಿ ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎಷ್ಟು ವೈದ್ಯರು ಈ ಶಿಕ್ಷಣ ಪಡೆದಿದ್ದಾರೆ, ಎಷ್ಟು ಕಡೆ ಈ ಔಷಧಗಳು ವರ್ಷವಿಡೀ ಇರುತ್ತವೆ ಎಂಬ ಪಟ್ಟಿಯನ್ನು ಇಲಾಖೆಯು ಪ್ರಕಟಿಸಲಿ. ಪ್ರತಿ ಕೇಂದ್ರದ ಬಾಗಿಲಿಗೆ ಅದನ್ನು ಅಂಟಿಸಲಿ. ಕಚೇರಿಗಳ ಮುಖ್ಯಸ್ಥರೂ ಈ ವ್ಯಾಧಿಗಾಗಿ ರಜೆ ಕೇಳಿದವನ ಅರ್ಜಿಯನ್ನು ವಿಷಮಜ್ವರದವನ ಅರ್ಜಿಯಂತೆಯೇ, ನಗದೆ, ಮಂಜೂರು ಮಾಡಲಿ.